ಮನೆಗೆ ನೀರಿನ ಪಂಪ್: ಕೊಳ್ಳುವ ಮುಂಚೆ ಅಳೆಯಬೇಕಾದದ್ದು

ಪ್ರಶ್ನೆ: ನಮ್ಮದು ತುಮಕೂರಿನಲ್ಲಿ 2004ರಲ್ಲಿ ಕಟ್ಟಿಸಿದ ಮನೆ. ಕೆಳಗೊಂದು, ಮೇಲೊಂದು ಮಹಡಿ. ಏಳು ಅಡಿ ಆಳದ ಸಂಪು, ಮೆಟ್ಟಿಲ ಕೋಣೆಯ ಮೇಲೆ ಸಾವಿರ ಲೀಟರಿನ ಟ್ಯಾಂಕ್. ನಲ್ಲಿಯಲ್ಲಿ ಹೇಮಾವತಿ ನೀರು ಬರುತ್ತದೆ, ಸಾಲದಿದ್ದಾಗ ಹಿತ್ತಿಲ ಬೋರಿನ ನೀರನ್ನೂ ಸಂಪಿಗೇ ಬಿಟ್ಟುಕೊಳ್ಳುತ್ತೇವೆ. ಅರ್ಧ ಎಚ್‌ಪಿ ಸೆಲ್ಫ್ ಪ್ರೈಮಿಂಗ್ ಮೋಟರು ಮೊದಲು ಮುಕ್ಕಾಲು ಗಂಟೆಯಲ್ಲಿ ಟ್ಯಾಂಕ್ ತುಂಬಿಸುತ್ತಿತ್ತು. ಈಗ ಎರಡು ಗಂಟೆ ಹಿಡಿಯುತ್ತಿದೆ. ಸಂಪಿನಿಂದ ಮೇಲಕ್ಕೆ ಮನೆ ಕಟ್ಟಿದಾಗಲೇ ಹಾಕಿದ ಮುಕ್ಕಾಲು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇದೆ. ಅಂಗಡಿಯವರು ಒಂದು ಎಚ್‌ಪಿ ಹಾಕಿಸಿ ಅನ್ನುತ್ತಾರೆ, ನಮ್ಮ ಭಾವನವರು ಸಂಪಿನೊಳಗೇ ಇಡುವ ಓಪನ್‌ವೆಲ್ ಸಬ್‌ಮರ್ಸಿಬಲ್ ಒಳ್ಳೆಯದು ಅನ್ನುತ್ತಾರೆ. ಯಾವುದು ಕೊಳ್ಳಲಿ? ಬೋರಿನ ಮೋಟರೂ ಹಳೆಯದಾಗಿದೆ, ಅದನ್ನು ಬದಲಿಸುವಾಗ ಏನು ನೋಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಉಪಯೋಗದ ಮಾತು ಪೈಪಿನದು. ಅಂಗಡಿಯವರು ಅದನ್ನು ಕೇಳಿರಲಿಕ್ಕಿಲ್ಲ. ಮುಕ್ಕಾಲು ಇಂಚಿನ, ಇಪ್ಪತ್ತು ವರ್ಷ ದಾಟಿದ ಜಿಐ ಪೈಪಿಗೆ ಒಂದು ಎಚ್‌ಪಿ ಮೋಟರು ಕೂರಿಸಿದರೆ ನಿಮ್ಮ ದುಡ್ಡಿನ ಬಹುಪಾಲು ಆ ಪೈಪಿನ ಒಳಗೋಡೆಗೆ ನೀರನ್ನು ಉಜ್ಜುವುದರಲ್ಲೇ ಮುಗಿದುಹೋಗುತ್ತದೆ. ಹೊಸ ಪಂಪ್ ಬೇಕಾಗಬಹುದು, ಬೇಡವಾಗಲೂಬಹುದು. ಪೈಪ್ ಬದಲಿಸುವುದಂತೂ ಖಂಡಿತ ಬೇಕು.

ಇದು ಬರಿಯ ಅಂದಾಜಿನ ಮಾತಲ್ಲ, ಲೆಕ್ಕ ಹಾಕಿಯೇ ನೋಡೋಣ. ಪಂಪು ನೀರನ್ನು ಎಷ್ಟು ಎತ್ತರಕ್ಕೆ ತಳ್ಳಬೇಕು ಎಂಬುದಕ್ಕೆ ಹೆಡ್ ಎನ್ನುತ್ತಾರೆ, ಅಳೆಯುವುದು ಮೀಟರಿನಲ್ಲಿ. ನಿಮ್ಮ ಸಂಪಿನ ತಳದಿಂದ ನೆಲಮಟ್ಟಕ್ಕೆ ಎರಡು ಮೀಟರ್ ಚಿಲ್ಲರೆ, ಎರಡು ಮಹಡಿ ಸೇರಿ ಆರೂವರೆ, ಮೆಟ್ಟಿಲ ಕೋಣೆ ಎರಡೂವರೆ, ಟ್ಯಾಂಕಿನ ಕಟ್ಟೆ ಮತ್ತು ಟ್ಯಾಂಕಿನ ಎತ್ತರ ಒಂದೂವರೆ ಎಂದಿಟ್ಟುಕೊಂಡರೆ ಒಟ್ಟು ಹನ್ನೆರಡೂವರೆ ಮೀಟರ್. ಟೇಪು ಹಿಡಿದು ನೀವೇ ಒಮ್ಮೆ ಅಳೆಯಿರಿ. ಸಂಪಿನ ನೀರು ತಳ ಮುಟ್ಟಿದಾಗಿನ ಮಟ್ಟದಿಂದ ಹಿಡಿದು ಟ್ಯಾಂಕಿನೊಳಗೆ ನೀರು ಬೀಳುವ ಪೈಪಿನ ಬಾಯಿಯವರೆಗೆ ಅಳೆಯಬೇಕು.

ಇದರ ಮೇಲೆ ಪೈಪಿನಲ್ಲಿ ಆಗುವ ಘರ್ಷಣೆ ಸೇರುತ್ತದೆ. ಅಡ್ಡ, ಉದ್ದ ಸೇರಿ ಪೈಪ್ ಸುಮಾರು 28 ಮೀಟರ್ ಇರಬಹುದು. ಒಂದೊಂದು ಎಲ್ಬೋ, ಒಂದೊಂದು ವಾಲ್ವೂ ಇಷ್ಟಿಷ್ಟು ಉದ್ದದ ಪೈಪಿಗೆ ಸಮ, ಅವೆಲ್ಲ ಸೇರಿದರೆ 40 ಮೀಟರ್ ಎಂದು ಹಿಡಿಯಬಹುದು. ನಿಮಿಷಕ್ಕೆ 20 ಲೀಟರ್ ನೀರು ಹರಿಯುವಾಗ ಮುಕ್ಕಾಲು ಇಂಚಿನ ಹೊಸ ಜಿಐ ಪೈಪಿನಲ್ಲಿ ಈ 40 ಮೀಟರಿಗೆ ಸುಮಾರು 4 ಮೀಟರ್ ಹೆಡ್ ನಷ್ಟವಾಗುತ್ತದೆ. ನಿಮ್ಮ ಮೋಟರು ಹೊಸದಾಗಿದ್ದಾಗ ಕೊಡುತ್ತಿದ್ದ ನೀರು ಹೆಚ್ಚುಕಡಿಮೆ ಅಷ್ಟೇ, ಮುಕ್ಕಾಲು ಗಂಟೆಗೆ ಸಾವಿರ ಲೀಟರ್ ಅಂದರೆ ನಿಮಿಷಕ್ಕೆ 22 ಲೀಟರ್. ಆಗ ಮೋಟರಿನ ಮೇಲಿದ್ದ ಒಟ್ಟು ಭಾರ ಹದಿನೇಳು ಮೀಟರಿನ ಆಸುಪಾಸು.

ಈಗ ಒಳಗೆ ತುಕ್ಕು, ಬೋರಿನ ಗಡಸು ನೀರಿನ ಸುಣ್ಣ ಎರಡೂ ಕಟ್ಟಿ 20 ಮಿ.ಮೀ. ಇದ್ದ ದಾರಿ 15 ಮಿ.ಮೀ. ಆಗಿದೆ ಎಂದುಕೊಳ್ಳಿ. ಅಷ್ಟು ಹಳೆಯ ಪೈಪನ್ನು ಕೊಯ್ದು ನೋಡಿದರೆ ಇದಕ್ಕಿಂತ ಕಿರಿದಾಗಿದ್ದರೂ ಆಶ್ಚರ್ಯವಿಲ್ಲ. ಪೈಪಿನ ವ್ಯಾಸ ಕಡಿಮೆಯಾದಂತೆ ಘರ್ಷಣೆ ಅದರ ಐದನೆಯ ಘಾತದ ಹತ್ತಿರಕ್ಕೆ ಏರುತ್ತದೆ. 20ರಿಂದ 15ಕ್ಕೆ ಇಳಿದರೆ ನಾಲ್ಕು ಪಟ್ಟು. ಅಂದರೆ ಅಷ್ಟೇ ನೀರಿಗೆ 4 ಮೀಟರ್ ಇದ್ದ ನಷ್ಟ 16 ಮೀಟರ್ ಆಯಿತು. ಮನೆಯ ಎತ್ತರಕ್ಕಿಂತ ಪೈಪಿನ ತುಕ್ಕೇ ಹೆಚ್ಚು ಭಾರ. ಇದೇ ನೀರನ್ನು ಒಳವ್ಯಾಸ 25 ಮಿ.ಮೀ. ಇರುವ ಒಂದಿಂಚಿನ ಪ್ಲಾಸ್ಟಿಕ್ ಪೈಪಿನಲ್ಲಿ ಕಳಿಸಿದರೆ ನಷ್ಟ ಒಂದೇ ಮೀಟರ್. ನಿಮಿಷಕ್ಕೆ 30 ಲೀಟರ್ ಕಳಿಸಿದರೂ ಎರಡು ಮೀಟರ್ ಚಿಲ್ಲರೆ.

ಹಾಗಾಗಿ ಮೊದಲ ಕೆಲಸ, ಪಂಪಿನಿಂದ ಟ್ಯಾಂಕಿಗೆ ಹೋಗುವ ಡೆಲಿವರಿ ಪೈಪನ್ನು ಒಂದಿಂಚಿನ ಯುಪಿವಿಸಿ ಅಥವಾ ಸಿಪಿವಿಸಿ ಪ್ಲಾಸ್ಟಿಕ್ಕಿಗೆ ಬದಲಿಸುವುದು. ಗೋಡೆ ಒಡೆಯುವುದು ಬೇಡ, ಹೊರಗೋಡೆಯ ಮೇಲೆ ಕ್ಲ್ಯಾಂಪ್ ಹಾಕಿ ನೇರವಾಗಿ ಮೇಲೇರಿಸಲಿ. ಬಿಸಿಲು ಬೀಳುವ ಕಡೆ ಪೈಪಿಗೆ ಬಣ್ಣ ಹೊಡೆಸಿ. ತಿರುವುಗಳನ್ನು ಆದಷ್ಟು ಕಡಿಮೆ ಮಾಡಿ, ಜಾಗವಿದ್ದಲ್ಲಿ ಎಲ್ಬೋ ಬದಲು ಉದ್ದನೆಯ ಬೆಂಡು ಹಾಕಿಸಿ. ಪೈಪು ಎಲ್ಲಿಯೂ ಒಂದಿಂಚಿಗಿಂತ ಕಿರಿದಾಗಬಾರದು. ಪಂಪಿನ ಬಾಯಿ ಒಂದಿಂಚಿದ್ದು, ಪ್ಲಂಬರು ಕೈಗೆ ಸಿಕ್ಕ ಮುಕ್ಕಾಲು ಇಂಚಿನ ರೆಡ್ಯೂಸರ್ ಹಾಕಿ ಮುಂದುವರಿಸುವುದನ್ನು ಬೇಕಾದಷ್ಟು ಮನೆಗಳಲ್ಲಿ ಕಂಡಿದ್ದೇನೆ. ನಿಂತು ಮಾಡಿಸಿ.

ಅದಕ್ಕೂ ಮುಂಚೆ ಹಳೆಯ ಮೋಟರನ್ನು ಒಂದು ಸಲ ಪರೀಕ್ಷೆ ಮಾಡುವುದು ನ್ಯಾಯ. ಸಂಪಿನೊಳಗಿನ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವನ್ನು ಎತ್ತಿ ನೋಡಿ, ಜಾಲರಿಯಲ್ಲಿ ಪಾಚಿ, ಎಲೆ, ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿದ್ದರೆ ಅರ್ಧ ನೀರು ಅಲ್ಲೇ ನಿಲ್ಲುತ್ತದೆ. ಸಂಪಿನಿಂದ ಪಂಪಿಗೆ ನೀರು ಬರುವ ಸಕ್ಷನ್ ಪೈಪಿನ ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ನೀರು ಸೋರಿಸುವುದಿಲ್ಲ, ಗಾಳಿ ಎಳೆಯುತ್ತದೆ, ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಮೋಟರು ಓಡುವಾಗ ಜಾಯಿಂಟುಗಳ ಮೇಲೆ ಸೋಪಿನ ನೊರೆ ಹಚ್ಚಿ, ನೊರೆ ಒಳಕ್ಕೆ ಸೆಳೆದುಕೊಂಡರೆ ಅಲ್ಲಿ ದೋಷವಿದೆ. ಸಂಜೆ ಹೊತ್ತು ವೋಲ್ಟೇಜ್ ಎಷ್ಟಿದೆ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಮೋಟರು ಶುರುವಾಗಲು ನೆರವಾಗುವ ಕೆಪಾಸಿಟರ್ ದುರ್ಬಲವಾಗಿದ್ದರೆ ಅದು ಗುಂಯ್ ಎನ್ನುತ್ತಾ ನಿಧಾನವಾಗಿ ಎದ್ದೇಳುತ್ತದೆ. ಅದು ಸಣ್ಣ ಖರ್ಚಿನ ರಿಪೇರಿ.

ಇಷ್ಟಾದ ಮೇಲೂ ನೀರು ಕಡಿಮೆಯೇ ಬಂದರೆ ಪಂಪು ಸವೆದಿದೆ ಎಂದರ್ಥ. ನಿಮ್ಮ ಮನೆಯಲ್ಲಿ ಅದು ಸವೆಯಲು ಕಾರಣವೂ ಇದೆ. ಸೆಲ್ಫ್ ಪ್ರೈಮಿಂಗ್ ಎಂದು ಮಾರುವ ಈ ಸಣ್ಣ ಪಂಪುಗಳ ಒಳಗೆ ಅಂಚಿನ ಸುತ್ತ ಸಣ್ಣ ಸಣ್ಣ ಹಲ್ಲುಗಳಿರುವ ಹಿತ್ತಾಳೆಯ ಇಂಪೆಲ್ಲರ್ (ನೀರನ್ನು ತಳ್ಳುವ ತಿರುಗುಚಕ್ರ) ಇರುತ್ತದೆ. ಅದಕ್ಕೂ ಕವಚಕ್ಕೂ ನಡುವಿನ ಸಂದು ಮಿಲಿಮೀಟರಿನ ಸಣ್ಣ ಭಾಗದಷ್ಟು. ಅಷ್ಟು ಬಿಗಿಯಾಗಿರುವುದರಿಂದಲೇ ಅದು ಅರ್ಧ ಎಚ್‌ಪಿಯಲ್ಲಿ ಅಷ್ಟು ಎತ್ತರಕ್ಕೆ ತಳ್ಳುತ್ತದೆ, ಅಷ್ಟು ಬಿಗಿಯಾಗಿರುವುದರಿಂದಲೇ ಬೋರಿನಿಂದ ಬರುವ ಸಣ್ಣ ಮರಳು ಅದಕ್ಕೆ ಶತ್ರು. ಮರಳು ಆ ಸಂದನ್ನು ತೇದು ಅಗಲ ಮಾಡುತ್ತದೆ, ನೀರು ಮುಂದೆ ಹೋಗುವ ಬದಲು ಒಳಗೇ ಸುತ್ತುತ್ತದೆ. ಹೇಮಾವತಿ ನೀರು ಮಾತ್ರ ಬರುವ ಮನೆಯಲ್ಲಿ ಇದೇ ಪಂಪು ವರ್ಷಗಟ್ಟಲೆ ಚೆನ್ನಾಗಿ ದುಡಿಯುತ್ತದೆ.

ಈ ಪಂಪಿನ ಇನ್ನೊಂದು ಗುಣ ಗೊತ್ತಿರಲಿ. ದಾರಿ ಕಟ್ಟಿದಷ್ಟೂ ಇದು ಹೆಚ್ಚು ಕರೆಂಟು ಎಳೆಯುತ್ತದೆ. ಮುಂದಿನ ಗೇಟ್ ವಾಲ್ವ್ ಮುಚ್ಚಿ ಓಡಿಸಿದರೆ ಮೋಟರಿನ ಮೇಲೆ ಪೂರ್ತಿ ಹೊರೆ ಬಿದ್ದು ವೈಂಡಿಂಗ್ (ಒಳಗಿನ ತಂತಿಯ ಸುರುಳಿ) ಬಿಸಿಯಾಗುತ್ತದೆ. ನಿಮ್ಮ ತುಕ್ಕು ಹಿಡಿದ ಪೈಪು ಅದಕ್ಕೆ ಮುಚ್ಚಿಕೊಳ್ಳುತ್ತಿರುವ ವಾಲ್ವೇ ಸರಿ. ಸಾಮಾನ್ಯ ಸೆಂಟ್ರಿಫ್ಯೂಗಲ್ ಮಾನೋಬ್ಲಾಕ್ (ಮೋಟರು, ಪಂಪು ಒಂದೇ ಆಗಿ ಜೋಡಿಸಿದ್ದು, ಇಂಪೆಲ್ಲರ್ ನೀರನ್ನು ಸುತ್ತಿಸಿ ಹೊರಕ್ಕೆ ಎಸೆಯುವಂಥದ್ದು) ಇದಕ್ಕೆ ಪೂರ್ತಿ ವಿರುದ್ಧ, ಎತ್ತರ ಕಡಿಮೆಯಿದ್ದು ನೀರು ಧಾರಾಳವಾಗಿ ಹೋದರೆ ಅದರ ಮೋಟರಿನ ಮೇಲೆ ಹೊರೆ ಬೀಳುತ್ತದೆ. ಐವತ್ತು ಮೀಟರಿಗೆಂದು ಮಾಡಿದ ಮಾನೋಬ್ಲಾಕನ್ನು ಹದಿನೈದು ಮೀಟರಿಗೆ ಹಾಕಿ, ದೊಡ್ಡದು ತಂದೆವಲ್ಲ ಎಂದು ನೆಮ್ಮದಿಯಿಂದಿದ್ದರೆ ಅದು ಸುಟ್ಟುಹೋಗುವ ಅಪಾಯವಿದೆ. ಪಂಪಿನ ನೇಮ್‌ಪ್ಲೇಟಿನಲ್ಲಿ ಹೆಡ್ ರೇಂಜ್ ಎಂದು ಎರಡು ಅಂಕಿ ಕೊಟ್ಟಿರುತ್ತಾರೆ. ಎಲ್ಲರೂ ಮೇಲಿನ ಅಂಕಿ ನೋಡುತ್ತಾರೆ, ಕೆಳಗಿನ ಅಂಕಿಗೂ ಅಷ್ಟೇ ಬೆಲೆ ಕೊಡಬೇಕು. ನಿಮ್ಮ ಹೆಡ್ ಆ ಎರಡರ ನಡುವೆ, ಆದಷ್ಟು ಮಧ್ಯಭಾಗದಲ್ಲಿ ಬೀಳಬೇಕು.

ಅಂಗಡಿಯಲ್ಲಿ ಹೆಚ್ಚಾಗಿ ದಾರಿ ತಪ್ಪುವುದು ಇಲ್ಲಿಯೇ. ಡಬ್ಬದ ಮೇಲೆ ಗರಿಷ್ಠ ಹೆಡ್ ಇಷ್ಟು, ಗರಿಷ್ಠ ಡಿಸ್ಚಾರ್ಜ್ (ಬರುವ ನೀರು) ಇಷ್ಟು ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಎರಡೂ ನಿಜ, ಆದರೆ ಎರಡೂ ಒಟ್ಟಿಗೆ ಸಿಗುವುದಿಲ್ಲ. ಗರಿಷ್ಠ ಹೆಡ್ಡಿನಲ್ಲಿ ನೀರು ಪೈಪಿನ ಬಾಯಿಗೆ ಬಂದು ನಿಲ್ಲುತ್ತದೆ ಅಷ್ಟೇ, ಹೊರಗೆ ಬೀಳುವುದಿಲ್ಲ. ಗರಿಷ್ಠ ಡಿಸ್ಚಾರ್ಜ್ ಸಿಗುವುದು ರೇಂಜಿನ ತೀರಾ ಕೆಳಗಿನ ಎತ್ತರದಲ್ಲಿ. ಆದ್ದರಿಂದ ನೀವು ಅಂಗಡಿಗೆ ಹೋಗಿ ಕೇಳಬೇಕಾದ ಪ್ರಶ್ನೆ ಒಂದೇ: ‘15 ಮೀಟರ್ ಹೆಡ್ಡಿನಲ್ಲಿ ಇದು ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತದೆ?’ ಕಂಪನಿಯ ಕ್ಯಾಟಲಾಗಿನಲ್ಲಿ ಮೀಟರುವಾರು ಪಟ್ಟಿ ಇರುತ್ತದೆ, ಅದನ್ನು ತೆಗೆಸಿ ನೋಡಿ. ಪಟ್ಟಿ ತೋರಿಸಲಾಗದ ಮಾಲನ್ನು ಬಿಟ್ಟುಬಿಡಿ.

ಹದಿನೈದು ಮೀಟರ್ ಎಂದದ್ದು ಹೊಸ ಪೈಪಿನ ಲೆಕ್ಕದಲ್ಲಿ, ಹನ್ನೆರಡೂವರೆ ಎತ್ತರ, ಎರಡೂವರೆ ಘರ್ಷಣೆ. ಅಲ್ಲಿ ನಿಮಿಷಕ್ಕೆ 30ರಿಂದ 35 ಲೀಟರ್ ಬಂದರೆ ಅರ್ಧ ಗಂಟೆಯಲ್ಲಿ ನಿಮ್ಮ ಟ್ಯಾಂಕ್ ತುಂಬುತ್ತದೆ. ಈ ಕೆಲಸಕ್ಕೆ ನೀರಿಗೆ ನಿಜವಾಗಿ ಬೇಕಾದ ಶಕ್ತಿ 85 ವ್ಯಾಟಿನಷ್ಟು ಮಾತ್ರ. ಸಣ್ಣ ಪಂಪುಗಳಲ್ಲಿ ಮೂರನೇ ಎರಡು ಭಾಗ ಶಕ್ತಿ ವ್ಯರ್ಥವಾಗುತ್ತದೆ ಎಂದು ಧಾರಾಳವಾಗಿ ಹಿಡಿದರೂ 370 ವ್ಯಾಟಿನ ಅರ್ಧ ಎಚ್‌ಪಿ ಸಾಕು. ಒಂದು ಎಚ್‌ಪಿ ಹಾಕಿದರೆ? ನಿಮಿಷಕ್ಕೆ 60 ಲೀಟರ್ ತಳ್ಳಲು ಹೋದಾಗ ಒಂದಿಂಚಿನ ಪೈಪಿನಲ್ಲೂ ಘರ್ಷಣೆ ಎಂಟು ಮೀಟರಿಗೆ ಏರುತ್ತದೆ. ಎರಡರಷ್ಟು ಎಚ್‌ಪಿಗೆ ಎರಡರಷ್ಟು ನೀರು ಬರುವುದಿಲ್ಲ. ಮೋಟರು ಏಳುವಾಗ ಮನೆಯ ದೀಪ ಮಂಕಾಗುತ್ತದೆ, ಹಳೆಯ ವೈರಿಂಗ್ ಬಿಸಿಯಾಗುತ್ತದೆ. ಅಂಗಡಿಯವರ ಮಾತನ್ನು ಇಲ್ಲಿ ಕೇಳಬೇಡಿ.

ನಿಮ್ಮ ಭಾವನವರ ಸಲಹೆಗೆ ಬರುತ್ತೇನೆ. ಅದು ಒಳ್ಳೆಯ ಸಲಹೆ. ಮೇಲೆ ಇಡುವ ಪಂಪು ನೀರನ್ನು ಎಳೆದುಕೊಳ್ಳುತ್ತದೆ ಎಂದು ನಾವು ಹೇಳಿದರೂ ನೀರನ್ನು ಪೈಪಿಗೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಆ ಒತ್ತಡ ನೀರನ್ನು 10.3 ಮೀಟರ್ ಏರಿಸಬಲ್ಲದು, ಎಂಟುನೂರು ಮೀಟರಿಗಿಂತ ಎತ್ತರದಲ್ಲಿರುವ ತುಮಕೂರಿನಲ್ಲಿ ಅದು ಒಂಬತ್ತೂವರೆಗಿಂತ ಕಡಿಮೆ. ಬಳಕೆಯಲ್ಲಿ ಆರು ಮೀಟರ್ ಸಿಕ್ಕರೆ ದೊಡ್ಡದು. ನಿಮ್ಮ ಸಂಪು ಎರಡು ಮೀಟರಿನದು, ಹಾಗಾಗಿ ಸಕ್ಷನ್ ನಿಮಗೆ ತೊಡಕಲ್ಲ. ಆಳದ ತೆರೆದ ಬಾವಿಯಿರುವ ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಾತ್ರ ಪಂಪನ್ನು ನೀರಿನೊಳಗೆ ಇಳಿಸದೆ ಗತಿಯಿಲ್ಲ. ನಿಮಗೆ ಓಪನ್‌ವೆಲ್ ಸಬ್‌ಮರ್ಸಿಬಲ್ ಏಕೆ ಒಳ್ಳೆಯದೆಂದರೆ, ಅದರಲ್ಲಿ ಫುಟ್‌ವಾಲ್ವ್ ಇಲ್ಲ, ಏರ್ ಹಿಡಿಯುವ ಸಂಕಟವಿಲ್ಲ, ಸದ್ದಿಲ್ಲ, ಸುತ್ತಲ ನೀರೇ ಮೋಟರನ್ನು ತಂಪಾಗಿಡುತ್ತದೆ. ಒಳಗಿರುವುದು ಸೆಂಟ್ರಿಫ್ಯೂಗಲ್ ಇಂಪೆಲ್ಲರ್, ಸಂದು ಅಗಲ, ಸ್ವಲ್ಪ ಮರಳನ್ನು ಸಹಿಸಿಕೊಳ್ಳುತ್ತದೆ.

ಕೊಳ್ಳುವಾಗ ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಸಬ್‌ಮರ್ಸಿಬಲ್ ಮೋಟರುಗಳಲ್ಲಿ ಎಣ್ಣೆ ತುಂಬಿದವೂ ಇವೆ, ನೀರು ತುಂಬಿದವೂ ಇವೆ. ಕುಡಿಯುವ, ಅಡುಗೆಯ ನೀರಿರುವ ಸಂಪಿಗೆ ನೀರು ತುಂಬಿದ ಮೋಟರನ್ನೇ ಕೇಳಿ. ಎಣ್ಣೆಯದರ ಸೀಲು ಒಂದು ದಿನ ಹೋದರೆ ಇಡೀ ಸಂಪು ಹಾಳು. ನೀರಿನದನ್ನು ಇಳಿಸುವ ಮೊದಲು ಮೋಟರಿನೊಳಗೆ ಶುದ್ಧ ನೀರು ತುಂಬಿ ಬಿರಡೆ ಬಿಗಿಯಬೇಕು, ಪ್ಲಂಬರು ಮರೆತರೆ ನೀವು ನೆನಪಿಸಿ. ಸಂಪಿನ ಮುಚ್ಚಳದ ಬಾಯಿ ಅಳತೆ ಮಾಡಿಕೊಂಡು ಹೋಗಿ, ಪಂಪು ಅದರಲ್ಲಿ ಇಳಿಯಬೇಕು. ತಳದ ಕೆಸರಿನ ಮೇಲೆ ಕೂರಿಸದೆ ಒಂದು ಇಟ್ಟಿಗೆಯಷ್ಟು ಎತ್ತರದ ಕಟ್ಟೆಯ ಮೇಲಿಡಿ, ನೈಲಾನ್ ಹಗ್ಗ ಕಟ್ಟಿ ಮೇಲೆ ಕೊಕ್ಕೆಗೆ ಸಿಕ್ಕಿಸಿ. ಕೇಬಲ್ ಹಿಡಿದು ಎತ್ತಬಾರದು.

ಇನ್ನೊಂದನ್ನು ಒತ್ತಿ ಹೇಳಬೇಕು. ನೀರಿನೊಳಗೆ ಕರೆಂಟು ಇಳಿಸುತ್ತಿದ್ದೀರಿ. ಆ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಓಪನ್‌ವೆಲ್ ಪಂಪ್ ಹಾಕಿಸಲೇಬೇಡಿ. ಎಂಸಿಬಿ ಇದೆಯಲ್ಲ ಎಂದು ಎಲೆಕ್ಟ್ರಿಷಿಯನ್ ಹೇಳಿದರೆ ಒಪ್ಪಬೇಡಿ, ಹೊರೆ ಹೆಚ್ಚಾದಾಗ ಬೀಳುವ ಎಂಸಿಬಿ ವೈರನ್ನು ಕಾಪಾಡುತ್ತದೆ, ಮನುಷ್ಯರನ್ನಲ್ಲ. ಸಂಪು ತೊಳೆಯಲು ಯಾರೇ ಇಳಿಯುವ ಮುನ್ನ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು ಅಥವಾ ಮೇನ್ ಇಳಿಸಬೇಕು. ಮನೆಯಲ್ಲಿ ಎಲ್ಲರಿಗೂ, ತೊಳೆಯಲು ಬರುವವರಿಗೂ ಇದನ್ನು ಹೇಳಿಡಿ. ಈ ಖರ್ಚು ಬೇಡವೆನಿಸಿದರೆ ಅರ್ಧ ಎಚ್‌ಪಿಯ ಸೆಂಟ್ರಿಫ್ಯೂಗಲ್ ಮಾನೋಬ್ಲಾಕನ್ನು ಸಂಪಿನ ಪಕ್ಕ ನೆರಳಲ್ಲಿ ಕೂರಿಸಿ, ಹೊಸ ಫುಟ್‌ವಾಲ್ವ್ ಹಾಕಿಸಿ. ಅದೂ ನಿಮ್ಮ ಮನೆಗೆ ಸರಿಯಾದ ಪಂಪೇ.

ಬೆಲೆ ಊರಿಂದೂರಿಗೆ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಸ್ಥೂಲವಾಗಿ ಅರ್ಧ ಎಚ್‌ಪಿ ಸೆಲ್ಫ್ ಪ್ರೈಮಿಂಗ್ ಮೂರು ಸಾವಿರದ ಆಸುಪಾಸು, ಓಪನ್‌ವೆಲ್ ಅದರ ಎರಡು ಮೂರು ಪಟ್ಟು ಎಂದಿಟ್ಟುಕೊಳ್ಳಿ. ತಾಮ್ರದ ವೈಂಡಿಂಗೇ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಐಎಸ್‌ಐ ಗುರುತಿನ ಜೊತೆ ಅಂಕಿಯೂ ಇರುತ್ತದೆ, ಸೆಲ್ಫ್ ಪ್ರೈಮಿಂಗ್ ತರಹದವಕ್ಕೆ ಐಎಸ್ 8472, ಮಾನೋಬ್ಲಾಕಿಗೆ 9079, ಓಪನ್‌ವೆಲ್ಲಿಗೆ 14220, ಬೋರಿನದಕ್ಕೆ 8034. ಕಂಪನಿ ಯಾವುದು ಎಂದು ನೀವು ಕೇಳಿಲ್ಲ, ಆದರೂ ಕೇಳುವವರೇ ಹೆಚ್ಚು. ಕೊಯಮತ್ತೂರಿನಲ್ಲಿ ಪಂಪ್ ಮಾಡುವ ಒಳ್ಳೆಯ ಕಾರ್ಖಾನೆಗಳು ಬೇಕಾದಷ್ಟಿವೆ. 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯೊಂದರಿಂದ ಶುರುವಾದ ಕಿರ್ಲೋಸ್ಕರರ ಮನೆತನದ ಪಂಪುಗಳಂತೂ ನಮ್ಮ ಹೊಲಗಳಿಗೆ ಹಳೆಯ ನೆಂಟರು. ಇವುಗಳಲ್ಲಿ ಯಾವುದಕ್ಕೆ ತುಮಕೂರಿನಲ್ಲೇ ಸರ್ವಿಸ್ ಸೆಂಟರ್ ಇದೆ, ಸೀಲು ಮತ್ತು ಇಂಪೆಲ್ಲರ್ ಮರುದಿನ ಸಿಗುತ್ತವೆ ಎಂದು ವಿಚಾರಿಸಿ ಅದನ್ನು ಕೊಳ್ಳಿ.

ಜೊತೆಗೆ ಒಂದು ಆಟೋಮ್ಯಾಟಿಕ್ ಲೆವೆಲ್ ಕಂಟ್ರೋಲರ್ ಹಾಕಿಸಿ. ಟ್ಯಾಂಕ್ ತುಂಬಿದಾಗ ನಿಲ್ಲಿಸುವುದಕ್ಕಿಂತ ಸಂಪು ಖಾಲಿಯಾದಾಗ ನಿಲ್ಲಿಸುವುದು ಅದರ ದೊಡ್ಡ ಉಪಕಾರ. ನೀರಿಲ್ಲದೆ ಓಡಿದ ಪಂಪಿನ ಸೀಲು ನಿಮಿಷಗಳಲ್ಲಿ ಸುಡುತ್ತದೆ. ಹೊಸ ಪಂಪ್ ಬಂದ ಮೇಲೆ ಹಳೆಯದನ್ನು ನಲ್ಲಿಯ ಲೈನಿಗೇ ಜೋಡಿಸಿ ನೀರೆಳೆಯೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಬೇಡ. ಬೆಂಗಳೂರಿನಲ್ಲಿ ಜಲಮಂಡಳಿ 2025ರ ಬೇಸಿಗೆಯಲ್ಲಿ ಇಂಥದ್ದಕ್ಕೆ ಐದು ಸಾವಿರ ರೂಪಾಯಿ ದಂಡ ಹಾಕಿ ಮೋಟರು ಜಪ್ತಿ ಮಾಡಲು ಹೊರಟಿತ್ತು. ದಂಡಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಲೈನಿನಿಂದ ಎಳೆದಾಗ ಅದರೊಳಗಿನ ಒತ್ತಡ ಕುಸಿದು, ಪೈಪು ಎಲ್ಲಿ ಒಡೆದಿದೆಯೋ ಅಲ್ಲಿಂದ ಚರಂಡಿಯ ನೀರು ಒಳಗೆ ಬರುತ್ತದೆ. ಅದನ್ನು ನೀವೂ ಕುಡಿಯುತ್ತೀರಿ, ಪಕ್ಕದ ಮನೆಯವರೂ ಕುಡಿಯುತ್ತಾರೆ.

ಬೋರಿನ ವಿಷಯಕ್ಕೆ ಇದೇ ಲೆಕ್ಕ, ಅಂಕಿಗಳು ಮಾತ್ರ ದೊಡ್ಡವು. ಕೊರೆದಾಗ ಎಷ್ಟು ಇಂಚು ನೀರು ಬಿತ್ತು ಎಂದು ಬರೆದಿಟ್ಟಿದ್ದರೆ ಹುಡುಕಿ. ವಿ ಆಕಾರದ ಕಂಡಿಯಲ್ಲಿ ಅಳೆದ ಆ ಇಂಚು ಮೋಸದ ಅಳತೆ, ಒಂದು ಇಂಚು ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚು ಸಾವಿರವಲ್ಲ, 2,800ರ ಹತ್ತಿರ. ಇಷ್ಟು ವರ್ಷದಲ್ಲಿ ಅದು ಇಳಿದೂ ಇರಬಹುದು. ಬೋರು ಕೊಡುವುದಕ್ಕಿಂತ ಹೆಚ್ಚು ನೀರೆತ್ತುವ ಪಂಪನ್ನು ಇಳಿಸಿದರೆ ಅದು ಪದೇ ಪದೇ ಬರಿದಾಗಿ ಓಡಿ ಸಾಯುತ್ತದೆ. ಹೆಡ್ ಲೆಕ್ಕ ಹಾಕಬೇಕಾದದ್ದು ಕೊರೆದ ಆಳದಿಂದಲ್ಲ, ಪಂಪು ಓಡುತ್ತಿರುವಾಗ ನೀರು ಯಾವ ಮಟ್ಟದಲ್ಲಿ ನಿಲ್ಲುತ್ತದೋ ಅಲ್ಲಿಂದ ಸಂಪಿನವರೆಗೆ. ಕೇಬಲ್ಲಿನಲ್ಲಿ ಉಳಿತಾಯ ಬೇಡ. ಒಂದೂವರೆ ಚದರ ಮಿ.ಮೀ. ತಾಮ್ರದ ಕೇಬಲ್ ನೂರು ಮೀಟರ್ ಇಳಿದು, ಎಂಟು ಆಂಪ್ ಹರಿದರೆ ದಾರಿಯಲ್ಲೇ 19 ವೋಲ್ಟ್ ಹೋಗುತ್ತದೆ, ಎರಡೂವರೆ ಚದರ ಮಿ.ಮೀ. ಆದರೆ 12. ಬೇಸಿಗೆಯ ಸಂಜೆ ಮನೆಗೆ 190 ವೋಲ್ಟ್ ಬರುವಾಗ ಆ ಏಳು ವೋಲ್ಟೇ ಮೋಟರನ್ನು ಉಳಿಸಬಹುದು. ಬೋರಿನಿಂದ ನೇರವಾಗಿ ಮೇಲಿನ ಟ್ಯಾಂಕಿಗೆ ಕಳಿಸದೆ ನೀವು ಸಂಪಿಗೆ ಬಿಡುತ್ತಿರುವುದು ಒಳ್ಳೆಯದೇ, ಮರಳು ತಳದಲ್ಲಿ ಕೂರುತ್ತದೆ. ಬೋರಿನ ನೀರು ಬೀಳುವ ಮೂಲೆಗೂ ಪಂಪು ಇಡುವ ಮೂಲೆಗೂ ಆದಷ್ಟು ದೂರವಿರಲಿ.

ಕೆಲಸದ ಕ್ರಮ ಹೀಗಿರಲಿ. ಮೊದಲು ಪೈಪು ಹೊಸದು ಹಾಕಿಸಿ ಹಳೆಯ ಮೋಟರನ್ನೇ ಓಡಿಸಿ. ಟ್ಯಾಂಕಿನ ಬಾಯಿಯಲ್ಲಿ 20 ಲೀಟರಿನ ಕ್ಯಾನ್ ಹಿಡಿದು ಗಡಿಯಾರ ನೋಡಿ. ಒಂದು ನಿಮಿಷದೊಳಗೆ ತುಂಬಿದರೆ ಅದಿನ್ನೂ ದುಡಿಯಬಲ್ಲದು, ಪಂಪಿಗೆ ಇಟ್ಟ ದುಡ್ಡನ್ನು ಬೋರಿನ ಕೇಬಲ್ಲಿಗೆ ಹಾಕಿ. ಒಂದೂವರೆ ನಿಮಿಷ ಮೀರಿದರೆ ಹೊಸದು ತನ್ನಿ. ಹೊಸದನ್ನು ಕೂರಿಸಿದ ದಿನವೇ ಮತ್ತೆ ಕ್ಯಾನ್ ಹಿಡಿದು ಎಷ್ಟು ಸೆಕೆಂಡ್ ಎಂದು ನೋಡಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಕ್ಲ್ಯಾಂಪ್ ಮೀಟರ್ ಹಾಕಿಸಿ ಎಷ್ಟು ಆಂಪ್ ಎಂದೂ ನೋಡಿ. ನೇಮ್‌ಪ್ಲೇಟಿನಲ್ಲಿರುವ ಆಂಪಿಗಿಂತ ಹೆಚ್ಚು ತೋರಿಸಿದರೆ ಅವತ್ತೇ ಅಂಗಡಿಯವರಿಗೆ ತಿಳಿಸಿ. ಎರಡೂ ಅಂಕಿಗಳನ್ನು ತಾರೀಖಿನ ಸಮೇತ ಸ್ಟಾರ್ಟರ್ ಡಬ್ಬದ ಒಳಮುಚ್ಚಳದ ಮೇಲೆ ಬರೆದಿಡಿ. ಮುಂದೆ ನೀರು ಕಡಿಮೆಯಾದಾಗ ದೋಷ ಪಂಪಿನದೋ ಪೈಪಿನದೋ ಕರೆಂಟಿನದೋ ಎಂದು ಮೆಕ್ಯಾನಿಕ್ ಅವನ್ನು ನೋಡಿಯೇ ಹೇಳಬಲ್ಲ.